ಇಬ್ಬರು ಸೊಸೆಯರ ಹಿಟ್ಟಿನ ಲೆಕ್ಕ

ಹುಮನಾಬಾದಿನ ಧಾನ್ಯಪೇಟೆಯಾದ ಗಂಜಿನ ಹಿಂದಿನ ಓಣಿಯಲ್ಲಿ ಬಸವಣಪ್ಪನ ಮನೆ. ಎಪ್ಪತ್ಮೂರರ ಜನವರಿಯ ಹೊತ್ತಿಗೆ ಜೋಳ ಬಲು ತುಟ್ಟಿಯಾಗಿತ್ತು. ದಲಾಲಿಯ ಅಡತಿ ಅಂಗಡಿ ಇಟ್ಟುಕೊಂಡಿದ್ದ ಬಸವಣಪ್ಪನಿಗೆ ಪೇಟೆಯ ಧಾರಣೆ ಊರಿಗಿಂತ ಮೊದಲು ತಿಳಿಯುತ್ತಿತ್ತು. ಹಾಗಾಗಿ ಊರಿಗಿಂತ ಮೊದಲು ಅವನ ಮನೆಯಲ್ಲೇ ಕೈ ಬಿಗಿಯಾಯಿತು.

ಆ ಮನೆಯಲ್ಲಿ ಉಣ್ಣುವವರು ಹತ್ತು ಮಂದಿ. ಬಸವಣಪ್ಪ, ಅವನ ಹೆಂಡತಿ ಪಾರ್ವತಿಬಾಯಿ, ಅವರ ಇಬ್ಬರು ಸಣ್ಣ ಮಕ್ಕಳು. ತಮ್ಮ ದಿಗಂಬರ, ಅವನ ಹೆಂಡತಿ ಶಕುಂತಲಾ. ಹತ್ತನೇ ಇಯತ್ತೆ ಓದುತ್ತಿದ್ದ ತಂಗಿ ಮೀರಾ. ತಾಯಿ ಮಾಣಿಕಮ್ಮ. ಇವರಲ್ಲದೆ ಅಂಗಡಿಯ ಇಬ್ಬರು ಹಮಾಲರು ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಕೂತು ಉಂಡು ಹೋಗುತ್ತಿದ್ದರು. ಮಾಣಿಕಮ್ಮನ ಗಂಡ ಮಹಾರುದ್ರಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಅವನು ಹೋದ ತಿಂಗಳೇ ಉಗ್ರಾಣದ ಕೀಲಿಕೈ ಮಾಣಿಕಮ್ಮನ ಸೊಂಟದಿಂದ ಹಿರಿಯ ಮಗನ ಜೇಬಿಗೆ ಹೋಗಿತ್ತು. ಜೋಳ ತೆಗೆದುಕೊಡುವವನು ಅವನೇ, ಗಿರಣಿಗೆ ಕಳಿಸುವವನೂ ಅವನೇ. ಪ್ರತಿ ಸೋಮವಾರ ಬೆಳಿಗ್ಗೆ ಅಡುಗೆಮನೆಯ ತಗಡಿನ ಡಬ್ಬಿಯನ್ನು ಕಂಠದವರೆಗೆ ಹಿಟ್ಟಿನಿಂದ ತುಂಬಿಸುತ್ತಿದ್ದ. ತುಂಬಲು ಎಷ್ಟು ಸೇರು ಹಿಡಿಯಿತೋ ಅಷ್ಟು ಆ ವಾರದ ಖರ್ಚು.

ಶಕುಂತಲಾ ಆ ಮನೆಗೆ ಬಂದು ಎರಡು ವರ್ಷ. ಕಲ್ಯಾಣದ ವೈಜನಾಥ ಮಾಸ್ತರರ ಹಿರಿಯ ಮಗಳು. ಅವಳ ಬೆನ್ನಿಗೆ ಇನ್ನೂ ನಾಲ್ವರು. ತವರಿನಿಂದ ಬಂಗಾರ ಹೆಚ್ಚು ತಂದಿರಲಿಲ್ಲ, ಮ್ಯಾಟ್ರಿಕ್ ಪಾಸು ಮಾಡಿಕೊಂಡು ಬಂದಿದ್ದಳು. ಪಾರ್ವತಿಬಾಯಿಗೆ ಎರಡೂ ಸರಿಬರುತ್ತಿರಲಿಲ್ಲ. ಓರಗಿತ್ತಿಯರ ನಡುವೆ ದಿನಾ ಒಂದಲ್ಲ ಒಂದು ಕಿರಿಕಿರಿ ಏಳುವುದನ್ನು ಕಂಡು ಮಾಣಿಕಮ್ಮ ಪಾಳಿ ಕಟ್ಟಿದ್ದಳು. ಒಂದು ದಿನ ಒಬ್ಬಳು ರೊಟ್ಟಿ ಬಡಿದರೆ ಮರುದಿನ ಇನ್ನೊಬ್ಬಳು.

ಜನವರಿಯ ಎರಡನೇ ಸೋಮವಾರ ಡಬ್ಬಿಗೆ ಇಪ್ಪತ್ಮೂರು ಸೇರು ಹಿಡಿಯಿತು. ಬಸವಣಪ್ಪ ಹುಬ್ಬು ಗಂಟಿಕ್ಕಿದ. ಮುಂದಿನ ಸೋಮವಾರ ಇಪ್ಪತ್ತೊಂಬತ್ತು ಹಿಡಿಯಿತು.

"ಈ ಮನಿಯಾಗ ಮಂದಿ ಉಣ್ಣಾಕತ್ತಾರೋ, ಜಾತ್ರಿ ನಡದದೋ?" ಎಂದು ಸೇರನ್ನು ನೆಲಕ್ಕೆ ಕುಕ್ಕಿದ. "ಅವ್ವಾ, ಏನಿದು?"

ಮಾಣಿಕಮ್ಮ ಒಲೆಯ ಬೂದಿ ತೆಗೆಯುತ್ತಿದ್ದಳು. "ನನಗೇನ ಗೊತ್ತಪ್ಪ. ಕೀಲಿ ನಿನ್ನ ಕಡೆ ಅದ."

"ಕೀಲಿ ನನ್ನ ಕಡೆ ಅದ. ಡಬ್ಬಿ ನಿಮ್ಮ ಕಡೆ ಅದಲ್ಲ."

ಪಾರ್ವತಿಬಾಯಿ ಮಗುವಿಗೆ ತಲೆ ಬಾಚುತ್ತ, "ಹೋದ ವಾರ ನಾ ನಮ್ಮೂರಿಗೆ ತೊಟ್ಟಿಲಕ ಹೋಗಿದ್ದೆ. ಒಂದ ಪಾಳಿ ನಂದು ತಪ್ಪಿತ್ತು. ಆ ವಾರನೇ ಹಿಟ್ಟು ಜಾಸ್ತಿ ಹೋಗ್ಯಾದ. ಹ್ಯಾಂಗ ಅಂತ ನಾ ಹೇಳಬೇಕೇನು?" ಅಂದಳು. ಅವಳ ತವರು ಮನ್ನಾಏಖೇಳ್ಳಿ.

ಶಕುಂತಲಾ ತಿರುಗಿ ನೋಡಿದಳು. "ಅಕ್ಕಾ, ಏನ ಹೇಳೂದದ ಸಾಫ ಹೇಳ್ರಿ."

"ನಾ ಏನ ಹೇಳಿದೆ? ಲೆಕ್ಕ ಹೇಳಾಕತ್ತದ."

ಅವತ್ತಿಗೆ ಮಾತು ಅಲ್ಲಿಗೇ ನಿಂತಿತು.

ಸಂಜೆ ಹೊತ್ತು ಅಡುಗೆಮನೆಯಲ್ಲಿ ಮೀರಾಳಿಗೆ ಪಾಠ ಹೇಳುವುದು ಶಕುಂತಲಾಳ ಕೆಲಸ. ಮಾರ್ಚಿನಲ್ಲಿ ಪರೀಕ್ಷೆ, ಹುಡುಗಿಗೆ ಬೀಜಗಣಿತ ಕಂಡರೆ ಹೊಟ್ಟೆನೋವು ಬರುತ್ತಿತ್ತು. ಒಂದು ಕಡೆ ಸಾರು ಕುದಿಯುತ್ತಿದ್ದರೆ ಇನ್ನೊಂದು ಕಡೆ ಶಹಾಬಾದ ಕಲ್ಲಿನ ನೆಲವೇ ಕರಿಹಲಗೆಯಾಗುತ್ತಿತ್ತು. ಸೀಮೆಸುಣ್ಣದಿಂದ ಬರೆಯುವುದು, ಒದ್ದೆ ಅರಿವೆಯಿಂದ ಒರೆಸುವುದು. ಆ ವಾರ ಏಕಕಾಲಿಕ ಸಮೀಕರಣ ನಡೆದಿತ್ತು. ಕ್ಷ ಒಂದು, ಯ ಒಂದು, ಎರಡೂ ಗೊತ್ತಿಲ್ಲ.

"ಎರಡೂ ಗೊತ್ತಿಲ್ಲಂದ್ರ ಹ್ಯಾಂಗ ಕಂಡುಹಿಡೀಬೇಕು ವೈನಿ?"

"ಒಂದ ಮಾತು ಕೇಳಿದ್ರ ಗೊತ್ತಾಗಂಗಿಲ್ಲ. ಎರಡ ಮಾತು ಕೇಳಬೇಕು. ಎರಡರಾಗ ಒಂದನ್ನ ಸರಿ ಮಾಡಿ ಕಳದುಬಿಟ್ರ, ಉಳದದ್ದು ತಾನಾ ಬಾಯಿ ಬಿಡ್ತದ."

ಮಂಗಳವಾರವೂ ಬುಧವಾರವೂ ಮೀರಾ ಪುಸ್ತಕದ ಲೆಕ್ಕಗಳನ್ನು ಮಾಡಿದಳು. ಎರಡು ಪೆನ್ಸಿಲು ಮೂರು ರಬ್ಬರು, ತಂದೆಯ ವಯಸ್ಸು ಮಗನ ವಯಸ್ಸು. ಗುರುವಾರ ರಾತ್ರಿ ಊಟಕ್ಕೆ ಗಂಡಸರಿಬ್ಬರೂ ಕೂತಿದ್ದರು. ರೊಟ್ಟಿ ಶಕುಂತಲಾಳದು. ಬಸವಣಪ್ಪ ರೊಟ್ಟಿಯನ್ನು ಮುರಿದು, "ತೆಳ್ಳಗ ಬಡೀತಿ, ಹಿಟ್ಟು ಮಾತ್ರ ಹೆಚ್ಚ ಹೋಗ್ತದ. ಇದು ಯಾವ ಮಾಯಾನೋ" ಅಂದ.

ಮೂಲೆಯಲ್ಲಿ ನೆಲದ ಮೇಲೆ ಬರೆಯುತ್ತ ಕೂತಿದ್ದ ಮೀರಾ ತಲೆ ಎತ್ತಿದಳು. "ಅಣ್ಣಾ, ಅದನ್ನ ತಗೀಬಹುದು. ಯಾರ ಪಾಳಿಗೆ ದಿನಾ ಎಷ್ಟು ಹೋಗ್ತದ ಅಂತ. ನಮ್ಮ ಲೆಕ್ಕ ಹಂಗೇ ಅದ."

"ತಗಿ ನೋಡೋಣ."

"ಪಾರ್ವತಿ ವೈನಿದು ಕ್ಷ, ಶಕುಂತಲಾ ವೈನಿದು ಯ. ಮೊದಲನೇ ವಾರ ನಾಕ ದಿನ ಅವರು, ಮೂರ ದಿನ ಇವರು, ಇಪ್ಪತ್ಮೂರ ಸೇರು. ಎರಡನೇ ವಾರ ಎರಡ ದಿನ ಅವರು, ಐದ ದಿನ ಇವರು, ಇಪ್ಪತ್ತೊಂಬತ್ತು." ಹುಡುಗಿಯ ಕೈ ಓಡತೊಡಗಿತು. ಪುಸ್ತಕದ ಲೆಕ್ಕಕ್ಕೆ ತಡವರಿಸುವವಳು ಇದಕ್ಕೆ ತಡವರಿಸಲಿಲ್ಲ. "ಎರಡನೇದನ್ನ ಎರಡರಿಂದ ಗುಣಿಸಿದ್ರ ಕ್ಷ ನಾಕಾಗ್ತದ, ಯ ಹತ್ತಾಗ್ತದ, ಆ ಕಡೆ ಐವತ್ತೆಂಟು. ಅದರಾಗ ಮೊದಲನೇದು ಕಳದ್ರ ಕ್ಷ ಹೋತು. ಏಳು ಯ ಅಂದ್ರ ಮೂವತ್ತೈದು. ಯ ಐದು. ಕ್ಷ ಎರಡು."

ಉತ್ತರ ಪೂರ್ಣ ಅಂಕಿಯಲ್ಲಿ ಬಂದದ್ದಕ್ಕೆ ಅವಳಿಗೆ ಖುಷಿಯಾಗಿತ್ತು. ತಾನು ಏನು ಓದಿ ಹೇಳಿದೆ ಎಂಬುದು ಅಣ್ಣನ ಮುಖ ನೋಡಿದ ಮೇಲೆ ತಿಳಿಯಿತು.

"ಯ ಅಂದ್ರ ಯಾರಂದಿ?" ಬಸವಣಪ್ಪ ಕೇಳಿದ.

ಮೀರಾ ಒದ್ದೆ ಅರಿವೆಗೆ ಕೈ ಚಾಚಿದಳು.

"ಹಿರಿಯಾಕಿಗೆ ಎರಡ ಸೇರು ಸಾಕು. ಕಿರಿಯಾಕಿಗೆ ಐದ ಬೇಕು. ಬರೋಬರ್. ಲೆಕ್ಕ ಕಲಿಸಿದಾಕಿನೇ ಲೆಕ್ಕದಾಗ ಸಿಕ್ಕಾಳ."

ಶಕುಂತಲಾ ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿ ತಿರುಗಿದಳು. "ಭಾವಾರ, ಉತ್ತರ ಬಂದ ಮ್ಯಾಲ ತಾಳೆ ನೋಡಬೇಕ್ರಿ. ಎರಡ ಸೇರ ಹಿಟ್ಟಿನಾಗ ಹತ್ತ ಮಂದಿಗೆ ಎರಡ ಹೊತ್ತು ರೊಟ್ಟಿ ಆಗ್ತಾವೇನು? ಅಕ್ಕನ್ನೇ ಕೇಳ್ರಿ."

ಎಲ್ಲರೂ ಪಾರ್ವತಿಬಾಯಿಯ ಕಡೆ ನೋಡಿದರು. ಅವಳ ರೊಟ್ಟಿ ಅಂಗೈ ದಪ್ಪ ಎಂದು ಹಮಾಲರಿಗೂ ಗೊತ್ತಿತ್ತು. ಅವಳು ಸೆರಗು ಸರಿಮಾಡಿಕೊಂಡು, "ನಾ ಯಾವತ್ತೂ ಅಳದಿಲ್ಲ" ಅಂದು ನೀರಿನ ತಂಬಿಗೆ ತೆಗೆದುಕೊಂಡು ಹಿತ್ತಲಿಗೆ ಹೋದಳು.

ಮಾಣಿಕಮ್ಮ ತಾಟಿನಲ್ಲಿದ್ದ ಅರ್ಧ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದಳು.

ಮರುದಿನ ಅಂಗಡಿಯಲ್ಲಿ ಬಸವಣಪ್ಪನ ಕಿವಿಗೆ ಇನ್ನೊಂದು ಸುದ್ದಿ ಬಿತ್ತು. ಬಳೆ ಮಾರುವ ಜೈನಬಿ ವಾರಕ್ಕೊಮ್ಮೆ ಬಸ್ಸಿನಲ್ಲಿ ಕಲ್ಯಾಣಕ್ಕೆ ಹೋಗುತ್ತಿದ್ದಳು. ಅವಳ ಬುಟ್ಟಿಯ ತಳದಲ್ಲಿ ಹಿಟ್ಟಿನ ಗಂಟು ಇತ್ತಂತೆ, ಬಸ್ಸು ಏರುವಾಗ ಬಿಚ್ಚಿ ಮೆಟ್ಟಿಲ ಮೇಲೆ ಚೆಲ್ಲಿತಂತೆ. ಜೈನಬಿ ಇವರ ಹಿತ್ತಲ ಬಾಗಿಲಿನಿಂದ ಬಂದು ಹೋಗುವವಳು. ಕಲ್ಯಾಣ ಶಕುಂತಲಾಳ ತವರು. ಬಸವಣಪ್ಪನಿಗೆ ಇನ್ನೇನೂ ಬೇಕಿರಲಿಲ್ಲ. ಕಲ್ಯಾಣಕ್ಕೆ ಹೊರಟಿದ್ದ ಪರಿಚಯದವನ ಕೈಯಲ್ಲಿ ಮಾಸ್ತರರಿಗೆ ಹೇಳಿಕಳಿಸಿದ: ಬರುವ ಸೋಮವಾರ ಬಂದು ಹೋಗಬೇಕು, ಮಗಳ ವಿಷಯ ಮಾತಾಡುವುದಿದೆ.

ದಿಗಂಬರ ಅಣ್ಣನ ಎದುರಿಗೆ ಕೂತು ಉಂಡವನೇ ಹೊರತು ನಿಂತು ಮಾತಾಡಿದವನಲ್ಲ. ಕೋಣೆಯಲ್ಲಿ ಹೆಂಡತಿಯ ಮುಂದೆ ಕೂತು, "ಕಳಿಸಿದ್ರ ಕಳಿಸೀನಿ ಅಂತ ಹೇಳಿಬಿಡು. ನಿಮ್ಮ ಮನಿಯಾಗ ಸಣ್ಣ ಹುಡುಗರು ಅದಾವ. ನಾ ಏನೂ ಅನ್ನಂಗಿಲ್ಲ" ಅಂದ.

"ನೀವೂ ಹಂಗೇ ತಿಳಕೊಂಡೀರೇನು?"

"ಲೆಕ್ಕ ಹಂಗ ಬಂತಲ್ಲ."

"ಲೆಕ್ಕ ಹಂಗ ಬಂದಿಲ್ಲ. ಆ ಹಿಟ್ಟು ಇಬ್ಬರೇ ಮುಟ್ಟತಾರ ಅಂತ ಹಿಡಕೊಂಡ್ರ ಹಂಗ ಬರ್ತದ. ಮೂರನೇ ಕೈ ಇದ್ರ ಆ ಲೆಕ್ಕ ಮೊದಲಿಂದನೇ ತಪ್ಪು."

"ಮೂರನೇ ಕೈ ಯಾರದು?"

"ನನಗ ಗೊತ್ತಿಲ್ಲ" ಎಂದು ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಗಂಡ ಕ್ಷಮಿಸಲು ತಯಾರಾಗಿದ್ದ. ಭಾವ ಬೈದದ್ದಕ್ಕಿಂತ ಅದು ಅವಳಿಗೆ ಹೆಚ್ಚು ನಾಟಿತು.

ಬೆಳಿಗ್ಗೆ ಎದ್ದವಳೇ ಪಾರ್ವತಿಬಾಯಿಯ ಮುಂದೆ ಸೇರು ತಂದಿಟ್ಟಳು.

"ಅಕ್ಕಾ, ಇವತ್ತ ನನ್ನ ಪಾಳಿ. ಹಿಟ್ಟು ನೀವೇ ಅಳದು ಹಾಕ್ರಿ. ನಾ ಡಬ್ಬಿ ಮುಟ್ಟಂಗಿಲ್ಲ."

"ನಾ ಯಾಕ ಅಳೀಲಿ? ನಾಳೆ ಹಿಟ್ಟ ಕಡಿಮಿ ಕೊಟ್ಟಾಳಂತ ನೀ ಊರಿಗೆಲ್ಲ ಹೇಳಾಕ?"

"ಎಷ್ಟ ಬೇಕೋ ಅಷ್ಟ ಕೊಡ್ರಿ. ನಿಮ್ಮ ಕೈಲೇ ಕೊಡ್ರಿ. ಸಾಕಾಗಲಿಲ್ಲಂದ್ರ ನಾ ಉಪವಾಸ ಇರ್ತೀನಿ."

ಪಾರ್ವತಿಬಾಯಿ ಮೂರು ಸೇರು ಅಳೆದು ಹರಿವಾಣಕ್ಕೆ ಸುರಿದಳು. ಇನ್ನೊಂದು ಸೇರಿಗೆ ಕೈ ಹಾಕಿದಾಗ ಶಕುಂತಲಾ ಸಾಕೆಂದಳು. ರಾತ್ರಿ ಎಲ್ಲರೂ ಉಂಡ ಮೇಲೂ ಬುಟ್ಟಿಯಲ್ಲಿ ಎರಡು ರೊಟ್ಟಿ ಉಳಿದಿದ್ದವು. ಮರುದಿನ ತನ್ನ ಪಾಳಿಗೆ ಪಾರ್ವತಿಬಾಯಿ ಯಾರೂ ಹೇಳದೆಯೇ ಅಳೆದುಕೊಂಡಳು. ಮೂರು ಸೇರು ಹಿಡಿಯಿತು, ಮೇಲೊಂದು ಹಿಡಿ. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಆದರೆ ಅವತ್ತಿನಿಂದ ಶಕುಂತಲಾಳ ಜೊತೆ ಮಾತಾಡುವಾಗ ದನಿ ಸ್ವಲ್ಪ ತಗ್ಗಿತು. ಮಕ್ಕಳ ಅರಿವೆ ಒಗೆಯಲು ಹೋದಾಗ ಓರಗಿತ್ತಿಯ ಸೀರೆಯನ್ನೂ ಎತ್ತಿಕೊಂಡು ಹೋದಳು.

ಸೋಮವಾರ ಬೆಳಿಗ್ಗೆ ಬಸವಣಪ್ಪ ಡಬ್ಬಿ ತುಂಬಿದ. ಇಪ್ಪತ್ತಾರು ಸೇರು ಹಿಡಿಯಿತು. "ನೋಡ್ರಿ" ಎಂದಷ್ಟೇ ಹೇಳಿ ಅಂಗಡಿಗೆ ನಡೆದ. ಮಧ್ಯಾಹ್ನದ ಬಸ್ಸಿಗೆ ಮಾಸ್ತರರು ಬರುವವರಿದ್ದರು.

ಅವನು ಅತ್ತ ಹೋದ ಮೇಲೆ ಪಾರ್ವತಿಬಾಯಿ ಡಬ್ಬಿಯ ಮುಂದೆಯೇ ಕುಳಿತಳು. "ದಿನಕ್ಕ ಮೂರಂದ್ರ ಇಪ್ಪತ್ತೊಂದು. ಇನ್ನ ಐದ ಸೇರು ಎಲ್ಲಿ ಹೋತು? ಇಲಿ ಸೇರಗಟ್ಟಲೆ ಒಯ್ಯಂಗಿಲ್ಲ."

"ನೀವಂತೂ ಒಯ್ದಿಲ್ಲ" ಅಂದಳು ಶಕುಂತಲಾ.

"ನೀನೂ ಒಯ್ದಿಲ್ಲ."

ಎರಡು ವರ್ಷದಲ್ಲಿ ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಇಬ್ಬರೂ ಒಟ್ಟಿಗೇ ಪಡಸಾಲೆಯ ಕಡೆ ನೋಡಿದರು. ಅಲ್ಲಿ ಮಾಣಿಕಮ್ಮ ಮೊರ ಹಿಡಿದು ತೊಗರಿಬೇಳೆ ಆರಿಸುತ್ತಿದ್ದಳು.

"ನಾ ಕೇಳಂಗಿಲ್ಲ" ಎಂದು ಪಾರ್ವತಿಬಾಯಿ ಪಿಸುಗುಟ್ಟಿದಳು. "ನಾ ಕೇಳಿದ್ರ ನಮ್ಮ ಮನಿಯವರಿಗೆ ಹೇಳಬೇಕಾಗ್ತದ. ನೀ ಕೇಳು."

ಶಕುಂತಲಾ ಹೋಗಿ ಅತ್ತೆಯ ಎದುರಿಗೆ ಕೂತಳು. ತಾನೂ ಒಂದು ಹಿಡಿ ಬೇಳೆ ತೆಗೆದುಕೊಂಡು ಆರಿಸತೊಡಗಿದಳು.

"ಅತ್ತಿ, ಇನ್ನೊಂದ ತಾಸಿಗೆ ನಮ್ಮಪ್ಪ ಬರ್ತಾರ್ರಿ. ಈ ಪಡಸಾಲಿಯಾಗ ಕೂಡಿಸಿ ಅವರನ್ನ ಕಳ್ಳಿ ಅಪ್ಪ ಅಂತಾರ. ಅವರು ಮಕ್ಕಳಿಗೆ ಪಾಠ ಹೇಳಿ ಉಂಡವರು. ಜೈನಬಿ ಬುಟ್ಟಿಯಾಗಿಂದು ಯಾರ ಮನಿಗೆ ಹೋಗ್ತದ ನಿಮಗ ಗೊತ್ತದ ಅಂತ ನನಗ ಅನಸ್ತದ."

ಮಾಣಿಕಮ್ಮ ಬಹಳ ಹೊತ್ತು ಕಲ್ಲು ಹುಡುಕಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಚಂದ್ರಭಾಗಾ ಅಂತ. ನೀ ಆಕಿ ಹೆಸರು ಕೇಳಿರಲಿಕ್ಕಿಲ್ಲ. ಈ ಮನಿಯಾಗ ಆಕಿಗೆ ಕಲ್ಯಾಣದಾಕಿ ಅಂತಾರ" ಅಂದಳು.

ಕಲ್ಯಾಣದಾಕಿ ಎಂಬ ಮಾತನ್ನು ಶಕುಂತಲಾ ಕೇಳಿದ್ದಳು. ಮಾವ ಬದುಕಿದ್ದಾಗ ಕಲ್ಯಾಣದಲ್ಲಿ ಇಟ್ಟುಕೊಂಡಿದ್ದ ಎರಡನೇ ಸಂಸಾರ. ಈ ಮನೆಯಲ್ಲಿ ಜಗಳವಾದಾಗ ಬೈಗುಳದಂತೆ ಬಂದು ಹೋಗುವ ಹೆಸರು.

"ನಿಮ್ಮ ಮಾವಗ ಅಲ್ಲೇ ಲಕವಾ ಹೊಡೀತು" ಎಂದು ಮಾಣಿಕಮ್ಮ ಮುಂದುವರಿಸಿದಳು. "ನಾಕ ತಿಂಗಳ ಮಲಗಿದಲ್ಲೇ ಎಲ್ಲಾ. ನಾ ಒಮ್ಮಿ ನೋಡಾಕ ಹೋದೆ. ಬೈಬೇಕಂತನೇ ಹೋಗಿದ್ದೆ. ಆಕಿ ಅವರ ಹೇಲು ಬಾಚಿ, ಕೈ ತೊಳಕೊಂಡು ಬಂದು, ಅಕ್ಕಾ ಊಟ ಮಾಡ್ರಿ ಅಂದಳು. ಮನಿಯಾಗ ಇದ್ದದ್ದು ಒಂದ ತಾಟು. ಅದನ್ನ ನನ್ನ ಮುಂದ ಇಟ್ಟಳು. ಸತ್ತ ಮ್ಯಾಲ ಬಸವಣಪ್ಪ ಹೋಗಿ ಹೆಣ ತಂದ. ಆಕಿಗೆ ಕಡೀ ಸಲ ಮುಖಾ ನೋಡಾಕ ಬಿಡಲಿಲ್ಲ, ಒಂದ ಕಾಳು ಕೊಡಲಿಲ್ಲ. ಈಗ ಆಕಿ ಮಗಳು ಸುಭದ್ರಾ ತವರಿಗೆ ಬಂದು ಹಡದಾಳ. ಬಾಣಂತಿಗೆ ರೊಟ್ಟಿ ಇಲ್ಲಂದ್ರ ಹಾಲು ಎಲ್ಲಿಂದ ಬರಬೇಕು?"

"ಅದು ಖರೆ" ಅಂದಳು ಶಕುಂತಲಾ. "ಆದ್ರ ಆ ದಿನ ಎಲ್ಲಾರ ಮುಂದ ನನ್ನ ಹೆಸರು ಬಂತು. ನೀವು ಅಲ್ಲೇ ಇದ್ರಿ. ನೀವು ಸುಮ್ಮ ಇರಬಾರದಿತ್ತು."

"ಹೌದು." ಮಾಣಿಕಮ್ಮ ಮೊರ ಕೆಳಗಿಟ್ಟಳು. "ಅಂಜಿದೆ. ನಾ ಈಗ ಮಕ್ಕಳ ಕೈ ಅನ್ನ ಉಣ್ಣಾಕಿ."

ಶಕುಂತಲಾ ಎದ್ದಳು. "ನಾ ಹೇಳಂಗಿಲ್ರಿ. ಆದ್ರ ನಮ್ಮಪ್ಪನ ಮ್ಯಾಲ ಬಂದ್ರ ಸುಮ್ಮನೂ ಇರಂಗಿಲ್ಲ."

ಮಾಸ್ತರರು ಬಂದರು. ಇಸ್ತ್ರಿ ಮಾಡಿದ ಧೋತರ, ಕೈಯಲ್ಲಿ ಛತ್ರಿ, ಮೊಮ್ಮಕ್ಕಳಂಥ ಹುಡುಗರಿಗೆಂದು ಕಾಗದದಲ್ಲಿ ಕಟ್ಟಿಸಿದ ಬತ್ತಾಸು. ಬಸವಣಪ್ಪ ಚಹಾ ಕೊಡಿಸಿದ. ಲೋಟ ಖಾಲಿಯಾಗುವವರೆಗೆ ತಡೆದು, ಆಮೇಲೆ ಎಲ್ಲವನ್ನೂ ಹೇಳಿದ. ಇಪ್ಪತ್ಮೂರು, ಇಪ್ಪತ್ತೊಂಬತ್ತು, ಜೈನಬಿಯ ಬುಟ್ಟಿ.

ಮಾಸ್ತರರು ಲೋಟ ಕೆಳಗಿಟ್ಟರು. "ನಮ್ಮ ಮನಿಗೆ ಒಂದ ಹಿಡಿ ಹಿಟ್ಟು ಬಂದಿಲ್ರಿ. ಬೇಕಾದ್ರ ಬಂದು ನೋಡ್ರಿ. ನಾವು ರೇಶನ್ನಿನ ಕೆಂಪ ಜೋಳ ಉಣ್ಣಾಕತ್ತೀವಿ."

"ಮತ್ತ ಎಲ್ಲಿ ಹೋಗ್ಯಾದ?"

ಶಕುಂತಲಾ ಅಡುಗೆಮನೆಯ ಹೊಸ್ತಿಲು ದಾಟಿ ಬಂದಳು. ಭಾವನ ಎದುರಿಗೆ ಹಾಗೆ ಬಂದು ನಿಂತದ್ದು ಅದೇ ಮೊದಲು. "ನಮ್ಮಪ್ಪನ್ನ ಕೇಳಬ್ಯಾಡ್ರಿ ಭಾವಾರ. ನನ್ನ ಪಾಳಿಗೆ ಮೂರ ಸೇರು ಹೋಗ್ತದ. ಅಕ್ಕ ಅಳದಾರ."

ಬಸವಣಪ್ಪ ಹೆಂಡತಿಯತ್ತ ತಿರುಗಿದ. ಪಾರ್ವತಿಬಾಯಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಹೊಸ್ತಿಲಿಗೆ ಬಂದಳು.

"ಹೌದ್ರಿ. ನಾನೇ ಅಳದೀನಿ. ಆಕಿಗೂ ಮೂರು, ನನಗೂ ಮೂರು. ನನಗ ಎರಡ ಸೇರು ಅಂತ ಬಂದ ಲೆಕ್ಕ ಸುಳ್ಳು. ಆ ದಿನನೇ ಹೇಳಬೇಕಿತ್ತು, ಹೇಳಲಿಲ್ಲ."

"ಇಬ್ಬರೂ ಅಲ್ಲಂದ್ರ ಹಿಟ್ಟಿಗೆ ಕಾಲು ಬಂದಾವೇನು?"

"ನಾ ಕಳಿಸೀನಿ" ಎಂದಳು ಮಾಣಿಕಮ್ಮ. ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು. "ಚಂದ್ರಭಾಗಾಗ ಕಳಿಸೀನಿ. ನಿಮ್ಮ ತಂಗಿ ಹಡದಾಳ. ಗಂಡು ಮಗು."

ಬಸವಣಪ್ಪನ ಮುಖ ಕಪ್ಪಿಟ್ಟಿತು. "ಆ ಹೆಂಗಸಿಗೆ? ನಿನ್ನ ಸಂಸಾರ ಮುರದಾಕಿಗೆ?"

"ಮುರದದ್ದು ನನ್ನ ಸಂಸಾರ. ಅದಕ್ಕ ಸಿಟ್ಟಾಗೂದು, ಬಿಡೂದು ನನ್ನ ಜಿಮ್ಮಾ. ನಿನಗ ಅದರಾಗ ಪಾಲಿಲ್ಲ."

"ನಾಳಿಂದ ಒಂದ ಕಾಳು ಹೋಗಬಾರದು."

"ಹಂಗಾದ್ರ ನನ್ನ ಪಾಲಿನ ರೊಟ್ಟಿ ಕಳಸ್ತೀನಿ. ಅದನ್ನಾದ್ರೂ ಅಳೀತೀಯೇನು?"

ಅವನು ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದ. ಮಾಸ್ತರರಿಗೆ ಒಂದು ಮಾತು ಹೇಳಲಿಲ್ಲ. ದಿಗಂಬರನೇ ಮಾವನನ್ನು ಬಸ್ ನಿಲ್ದಾಣದವರೆಗೆ ಕಳಿಸಿಬರಲು ಹೋದ. ದಾರಿಯಲ್ಲಿ ಅವರ ಛತ್ರಿ ಹಿಡಿದುಕೊಂಡು, "ತಪ್ಪಾತ್ರಿ. ನನ್ನ ಕಡೆಯಿಂದನೂ" ಅಂದ. ಮಾಸ್ತರರು, "ಹುಡುಗಿ ಸುಳ್ಳು ಹೇಳೂದಿಲ್ಲಪ್ಪ. ಅಷ್ಟ ನೆನಪಿಟ್ಟುಕೋ" ಅಂದರು.

ಮುಂದಿನ ನಾಲ್ಕು ದಿನ ಮನೆಯಲ್ಲಿ ಊಟ ನಡೆಯಿತು, ಮಾತು ನಡೆಯಲಿಲ್ಲ. ಮಾಣಿಕಮ್ಮ ಹೇಳಿದಂತೆಯೇ ಮಾಡಿದಳು. ತನ್ನ ತಾಟಿನ ರೊಟ್ಟಿಯನ್ನು ಮುಟ್ಟದೆ ಬಿಸಿಲಿಗಿಟ್ಟು ಒಣಗಿಸಿ ಅರಿವೆಯಲ್ಲಿ ಕಟ್ಟಿದಳು. ಬರೀ ಬೇಳೆಯ ಕಟ್ಟು ಕುಡಿದು ಎದ್ದಳು. ಬಸವಣಪ್ಪ ಅದನ್ನು ದಿನಾ ನೋಡಿದ. ಐದನೇ ದಿನ ತಾಯಿಯ ತಾಟಿನ ಕಡೆ ನೋಡದೆಯೇ ತಮ್ಮನಿಗೆ ಹೇಳಿದ:

"ಹಿಟ್ಟು ಕಳಿಸಿದ್ರ ಮುಗ್ಗು ಹಿಡೀತದ. ಜೋಳನೇ ಒಯ್ಯಬೇಕು. ಅಂಗಡಿಯಾಗ ಬಿಳಿ ಜೋಳದ ಅರ್ಧ ಚೀಲ ತಗದಿಟ್ಟೀನಿ. ಬುಟ್ಟಿಯಾಗ ಮುಚ್ಚಿ ಒಯ್ಯೂದು ಬ್ಯಾಡ. ನಾವೇನು ಕದ್ದಿಲ್ಲ."

"ನೀ ಬರ್ತೀಯೇನಣ್ಣಾ?"

"ನಾ ಬರಂಗಿಲ್ಲ."

ಮಾಣಿಕಮ್ಮ ರೊಟ್ಟಿ ಮುರಿದಳು. ಶಕುಂತಲಾ ಅದರ ಮೇಲೆ ಎಣ್ಣೆ, ಖಾರ ಹಾಕಿದಳು. ಅತ್ತೆ ಸೊಸೆಯರ ನಡುವೆ ಮೊದಲಿನ ಸಲಿಗೆ ಬರಲು ಇನ್ನೂ ಬಹಳ ದಿನ ಹಿಡಿಯಿತು.

ಭಾನುವಾರ ಬೆಳಗಿನ ಬಸ್ಸಿಗೆ ದಿಗಂಬರ ಚೀಲ ಹೊತ್ತು ಹತ್ತಿದ, ಹಿಂದೆ ಶಕುಂತಲಾ. ಕಲ್ಯಾಣದಲ್ಲಿ ಕೋಟೆಯ ಕೆಳಗಿನ ಗಲ್ಲಿಯೊಂದರಲ್ಲಿ ಜೈನಬಿ ಹೇಳಿದ ಮನೆ ಸಿಕ್ಕಿತು. ಮಣ್ಣಿನ ಗೋಡೆ, ತಗ್ಗು ಬಾಗಿಲು. ನರೆಗೂದಲ ತೆಳ್ಳನೆಯ ಹೆಂಗಸೊಬ್ಬಳು ಹೊರಬಂದು, ದಿಗಂಬರನ ಮುಖ ನೋಡಿ ಹಾಗೇ ನಿಂತುಬಿಟ್ಟಳು. ಮಹಾರುದ್ರಪ್ಪನದೇ ಮೂಗು, ಅವನದೇ ಹಣೆ. ಅವನು ಚೀಲ ಇಳಿಸಿ, ಏನೆಂದು ಕರೆಯಬೇಕೋ ತಿಳಿಯದೆ ಹೆಗಲು ಒರೆಸಿಕೊಳ್ಳುತ್ತ ನಿಂತ.

"ಅಕ್ಕ ಆರಾಮ ಅದಾರೇನಪ್ಪ?" ಅಂದಳು ಚಂದ್ರಭಾಗಾ.

"ಆರಾಮ ಅದಾಳ್ರಿ. ಜೋಳ ಕಳಿಸ್ಯಾಳ." ಸ್ವಲ್ಪ ತಡೆದು ಸೇರಿಸಿದ: "ಅಣ್ಣ ಕಳಿಸ್ಯಾನ."

ಚಪ್ಪಲಿ ಹೊರಗೆ ಬಿಟ್ಟು ಇಬ್ಬರೂ ಹೋಗಿ ಕೂತರು. ಒಳಗೆ ಕತ್ತಲಿತ್ತು. ಮೂಲೆಯಲ್ಲಿ ಹೊರಸಿನ ಮೇಲೆ ಕೂತಿದ್ದ ಬಾಣಂತಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ದಿಗಂಬರ ಅವಳನ್ನು ನೋಡಿದ್ದು ಅದೇ ಮೊದಲು. ಶಕುಂತಲಾ ಮಗುವನ್ನು ಎತ್ತಿ ಗಂಡನ ಮಡಿಲಿಗೆ ಇಟ್ಟಳು. ಅವನು ಮೊಳಕೈ ಗಟ್ಟಿ ಮಾಡಿಕೊಂಡು, ಅಲುಗಾಡದೆ ಕೂತ.

"ಉಂಡು ಹೋಗ್ರಿ ಅಣ್ಣಾ" ಅಂದಳು ಸುಭದ್ರಾ, ಕೇಳಿಸಿತೋ ಇಲ್ಲವೋ ಅನ್ನುವಂತೆ.

ದಿಗಂಬರ ಬಾಗಿಲ ಕಡೆ ನೋಡಿದ. ಹತ್ತೂವರೆಯ ಬಸ್ಸಿಗೆ ಹಿಂದಿರುಗಿ ಬರಬೇಕೆಂದು ಅಣ್ಣ ಹೇಳಿದ್ದ. ಶಕುಂತಲಾ ಅವನಾಗಿಯೇ ಹೇಳಲಿ ಎಂದು ಕಾದಳು.

"ಮಧ್ಯಾಹ್ನದ ಬಸ್ಸೂ ಅದಲ್ಲ" ಎಂದು ಅವನು ಮಗುವನ್ನು ಹೆಂಡತಿಯ ಕೈಗೆ ಕೊಟ್ಟು, ಕೈ ತೊಳೆಯಲು ನೀರು ಕೇಳಿದ.